ಒಂದು ದ್ವೀಪ, ಒಂಬತ್ತು ಬೇರು

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನ್ಯೂಜಿಲೆಂಡಿನ ಮಾವೊರಿ ಮಗುವನ್ನು ಕರೆದು ಎಣಿಸು ಅಂದರೆ, ಏಳಕ್ಕೆ ಬಂದಾಗ ಅದು 'ಫಿತು' ಅನ್ನುತ್ತದೆ. ಹವಾಯಿಯಲ್ಲಿ ಏಳಕ್ಕೆ 'ಹಿಕು'. ಫಿಲಿಪ್ಪೀನ್ಸಿನ ಮನಿಲಾದ ಸಂತೆಯಲ್ಲಿ 'ಪಿತೊ'. ಅಲ್ಲಿಂದ ಇಡೀ ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ಮಗ್ಗುಲಲ್ಲಿರುವ ಮಡಗಾಸ್ಕರ್‌ಗೆ ಬನ್ನಿ, ಅಲ್ಲೂ 'ಫಿತು'. ಭೂಗೋಳದ ಅರ್ಧಕ್ಕಿಂತ ಹೆಚ್ಚು ಸುತ್ತಿದರೂ ಏಳು ಮಾತ್ರ ಏಳೇ!

ಇದು ಕಾಕತಾಳೀಯ ಅಲ್ಲ. ಇವರೆಲ್ಲ ಒಂದೇ ಮನೆತನದವರು. ಈ ಮನೆತನಕ್ಕೆ ಭಾಷಾ ವಿಜ್ಞಾನಿಗಳು ಕೊಟ್ಟ ಹೆಸರು ಆಸ್ಟ್ರೊನೇಷಿಯನ್, ಅಂದರೆ ದಕ್ಷಿಣದ ದ್ವೀಪಗಳ ನುಡಿಗಳು. ಸಾವಿರದ ಇನ್ನೂರಕ್ಕೂ ಹೆಚ್ಚು ಭಾಷೆಗಳಿರುವ ದೊಡ್ಡ ಕುಟುಂಬ ಇದು. ಮಲಯ್, ಜಾವಾನೀಸ್, ತಗಲಾಗ್, ಮಾವೊರಿ, ಫಿಜಿಯ ನುಡಿ, ಸಮೋವಾದ ನುಡಿ ಎಲ್ಲವೂ ಇದರಲ್ಲಿವೆ.

ಹಾಗಾದರೆ ಈ ಮನೆತನದ ಮೂಲಮನೆ ಎಲ್ಲಿ? ಮೊಬೈಲು, ಲ್ಯಾಪ್‌ಟಾಪುಗಳ ಚಿಪ್ಪಿನಿಂದಾಗಿ ನಮಗೆಲ್ಲ ಹೆಸರು ಗೊತ್ತಿರುವ ತೈವಾನಿನಲ್ಲಿ. ಅಲ್ಲಿನ ಬೆಟ್ಟಗಳಲ್ಲಿ, ಕಡಲ ದಂಡೆಯಲ್ಲಿ ಇವತ್ತಿಗೂ ಆ ಹಳೆಯ ನುಡಿಗಳನ್ನಾಡುವ ಜನ ಇದ್ದಾರೆ. ಅವರಲ್ಲಿ ಎಷ್ಟೋ ಮನೆಗಳಲ್ಲಿ ಆ ನುಡಿ ಬಲ್ಲವರು ಅಜ್ಜ, ಅಜ್ಜಿ ಇಬ್ಬರೇ.

ತವರನ್ನು ಪತ್ತೆ ಮಾಡುವುದು ಹೇಗೆ?

ತೈವಾನ್ ಅಂದರೆ ಚೀನೀ ಮಾತಾಡುವವರ ನಾಡು ಎಂದೇ ನಾವು ತಿಳಿದಿರುತ್ತೇವೆ. ತಪ್ಪೇನಲ್ಲ. ಅಲ್ಲಿನ ಸುಮಾರು 2 ಕೋಟಿ 30 ಲಕ್ಷ ಜನರಲ್ಲಿ ಬಹುಪಾಲು ಮಂದಿ ಕಳೆದ ನಾಲ್ಕು ನೂರು ವರ್ಷಗಳಲ್ಲಿ ಚೀನಾದ ಕಡೆಯಿಂದ ಬಂದವರ ಸಂತತಿ. ಹೊಕ್ಕಿಯೆನ್, ಹಕ್ಕಾ, ಮ್ಯಾಂಡರಿನ್ ಅವರ ಮಾತುಗಳು. ಆದರೆ ಅವರು ಬರುವ ಮೊದಲು ಸಾವಿರಾರು ವರ್ಷಗಳಿಂದ ದ್ವೀಪದಲ್ಲಿ ಬೇರೆ ಜನ ಇದ್ದರು. ಈಗ ಆ ಮೂಲನಿವಾಸಿಗಳ ಸಂಖ್ಯೆ ಹತ್ತಿರ ಹತ್ತಿರ 6 ಲಕ್ಷ, ನೂರಕ್ಕೆ ಎರಡು ಮೂರು ಜನ ಅಷ್ಟೆ. ಸರ್ಕಾರ ಅವರಲ್ಲಿ 16 ಸಮುದಾಯಗಳನ್ನು ಗುರುತಿಸಿದೆ.

ಇಷ್ಟು ಚಿಕ್ಕ ಗುಂಪೇ ಅಷ್ಟು ದೊಡ್ಡ ಮನೆತನದ ಮೂಲ ಅಂತ ಹೇಳುವುದು ಹೇಗೆ? ಇಂಗ್ಲಿಷಿನ ಉದಾಹರಣೆ ನೋಡಿ. ಇಂಗ್ಲೆಂಡಿನಲ್ಲಿ ಐವತ್ತು ಮೈಲಿ ಹೋದರೆ ಸಾಕು, ಇಂಗ್ಲಿಷಿನ ಧಾಟಿಯೇ ಬದಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಸಾವಿರ ಮೈಲಿ ಹೋದರೂ ಹೆಚ್ಚು ಕಡಿಮೆ ಒಂದೇ ಥರ. ಯಾಕೆ? ಭಾಷೆ ಇಂಗ್ಲೆಂಡಿನಲ್ಲಿ ಬಹಳ ಕಾಲದಿಂದ ಇದೆ, ಕವಲೊಡೆಯಲು ಸಮಯ ಸಿಕ್ಕಿದೆ. ಆಸ್ಟ್ರೇಲಿಯಾಕ್ಕೆ ಹೋಗಿದ್ದು ನಿನ್ನೆ ಮೊನ್ನೆ. ಎಲ್ಲಿ ವೈವಿಧ್ಯ ಹೆಚ್ಚೋ ಅಲ್ಲಿ ತವರಿರುವ ಸಾಧ್ಯತೆ ಹೆಚ್ಚು. ಭಾಷೆಯ ಇತಿಹಾಸ ಹುಡುಕುವವರಿಗೆ ಇದು ಕೈಗೋಲಿನಂಥ ಸೂತ್ರ.

ಈ ಸೂತ್ರ ಹಿಡಿದು ನೋಡಿದಾಗ ಸಿಕ್ಕ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಅಮೆರಿಕದ ಭಾಷಾ ವಿಜ್ಞಾನಿ ರಾಬರ್ಟ್ ಬ್ಲಸ್ಟ್ 1999ರಲ್ಲಿ ಇಡೀ ಕುಟುಂಬವನ್ನು ಹತ್ತು ಮೊದಲ ಕವಲುಗಳಾಗಿ ವಿಂಗಡಿಸಿದರು. ಆ ಹತ್ತರಲ್ಲಿ ಒಂಬತ್ತು ತೈವಾನಿನ ಒಳಗೇ ಇವೆ! ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹರಡಿದ ಉಳಿದೆಲ್ಲ ಭಾಷೆಗಳು ಸೇರಿ ಆಗುವುದು ಒಂದೇ ಒಂದು ಕವಲು. ಕವಲುಗಳನ್ನು ಹೇಗೆ ವಿಂಗಡಿಸಬೇಕು ಅನ್ನುವುದರಲ್ಲಿ ವಿದ್ವಾಂಸರ ನಡುವೆ ಜಗಳ ಇದ್ದೇ ಇದೆ. ಆದರೆ ಅತಿ ಹಳೆಯ ಕವಲುಗಳು ತೈವಾನಿನಲ್ಲಿವೆ ಅನ್ನುವುದನ್ನು ಹೆಚ್ಚಿನವರು ಒಪ್ಪುತ್ತಾರೆ.

ಗಿಡವೂ ಸಾಕ್ಷಿ ಹೇಳಿದೆ. ಪೆಸಿಫಿಕ್ ದ್ವೀಪಗಳ ಜನ ಪೇಪರ್ ಮಲ್ಬರಿ ಎಂಬ ಮರದ ತೊಗಟೆಯನ್ನು ಬಡಿದು ಬಟ್ಟೆ ಮಾಡುತ್ತಿದ್ದರು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಗಿಡಗಳ ವಂಶವಾಹಿ ಪರೀಕ್ಷಿಸಿ, ಅವುಗಳ ಮೂಲ ತೈವಾನಿನ ದಕ್ಷಿಣ ಭಾಗ ಎಂದು ತೋರಿಸಿತು. ದೋಣಿ ಹತ್ತಿ ಹೊರಟವರು ಮಾತಿನ ಜೊತೆ ಗಿಡದ ಬೇರನ್ನೂ ಕಟ್ಟಿಕೊಂಡು ಹೋಗಿದ್ದರು ಅಂತಾಯಿತು.

ಬೆಟ್ಟಕ್ಕೊಂದು ನುಡಿ

ತೈವಾನಿನ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಐದನೇ ಒಂದು ಪಾಲೂ ಇಲ್ಲ. ಉದ್ದ ನಾಲ್ಕು ನೂರು ಕಿಲೋಮೀಟರಿನೊಳಗೆ, ಅತಿ ಅಗಲದ ಕಡೆ ನೂರೈವತ್ತರೊಳಗೆ. ಆದರೆ ಆ ಪುಟ್ಟ ಜಾಗದಲ್ಲಿ ಮೂರು ಸಾವಿರ ಮೀಟರಿಗಿಂತ ಎತ್ತರದ ಶಿಖರಗಳೇ ಇನ್ನೂರಕ್ಕೂ ಹೆಚ್ಚು! ಯೂಶಾನ್ ಶಿಖರದ ಎತ್ತರ 3,952 ಮೀಟರ್. ಕಣಿವೆಯಿಂದ ಕಣಿವೆಗೆ ಹೋಗುವುದೇ ದೊಡ್ಡ ಸಾಹಸವಾಗಿದ್ದ ಕಾಲದಲ್ಲಿ ಪ್ರತಿ ಕಣಿವೆಯ ಮಾತೂ ತನ್ನ ದಾರಿ ಹಿಡಿಯಿತು.

ನಕಾಶೆ ಎದುರಿಗಿಟ್ಟುಕೊಂಡು ಒಂದು ಸುತ್ತು ಬರೋಣ. ಉತ್ತರದ ಬೆಟ್ಟಗಳಲ್ಲಿ ಅತಾಯಲ್ ಜನ. ಅವರಿಗೆ ನೆಂಟರು ಸೆದಿಕ್ ಮತ್ತು ತ್ರುಕು. ಪಶ್ಚಿಮದ ಬೆಟ್ಟದಡಿಯಲ್ಲಿ ಸಣ್ಣ ಗುಂಪು ಸೈಸಿಯಾತ್. ನಡುವಿನ ಎತ್ತರದ ಬೆಟ್ಟಸಾಲು ಬುನುನ್ ಜನರದ್ದು. ಚಹಾ ತೋಟಗಳಿಗೆ ಹೆಸರಾದ ಅಲಿಶಾನ್ ಕಡೆ ತ್ಸೌ. ಅವರ ದಕ್ಷಿಣದ ನದಿ ಕಣಿವೆಗಳಲ್ಲಿ ಕನಕನವು ಮತ್ತು ಹ್ಲಾಅಲುವಾ ಎಂಬ ಎರಡು ಪುಟ್ಟ ಸಮುದಾಯಗಳು. 2014ರವರೆಗೂ ಸರ್ಕಾರ ಇವರಿಬ್ಬರನ್ನೂ ತ್ಸೌ ಎಂದೇ ಬರೆದುಕೊಳ್ಳುತ್ತಿತ್ತು. ಇನ್ನೂ ಕೆಳಗೆ ರುಕಾಯ್, ಪೈವಾನ್. ಆಗ್ನೇಯದ ತೈತುಂಗ್ ಬಯಲಿನಲ್ಲಿ ಪುಯುಮ. ಪೂರ್ವದ ಕರಾವಳಿಯುದ್ದಕ್ಕೂ ಅಮಿಸ್. ಇವರೇ ಎಲ್ಲರಿಗಿಂತ ದೊಡ್ಡ ಗುಂಪು, ಎರಡು ಲಕ್ಷ ದಾಟುತ್ತಾರೆ. ಅವರ ನಡುವೆ ಕವಲಾನ್ ಮತ್ತು ಸಕಿಜಾಯ. ಸನ್ ಮೂನ್ ಲೇಕ್ ಎಂಬ ಪ್ರಸಿದ್ಧ ಸರೋವರದ ದಂಡೆಯಲ್ಲಿ ಥಾವ್ ಜನ.

ರುಕಾಯ್ ಜನರ ಕಥೆ ಸ್ವಾರಸ್ಯದ್ದು. ಮಾವೋಲಿನ್ ಎಂಬ ಒಂದೇ ಪ್ರದೇಶದ ಮೂರು ಹಳ್ಳಿಗಳಲ್ಲಿ ರುಕಾಯ್ ನುಡಿಯ ಮೂರು ರೂಪಗಳಿವೆ. ಪಕ್ಕಪಕ್ಕದ ಊರು, ಒಂದೇ ಭಾಷೆ ಎಂದು ಹೆಸರು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಸುಲಭಕ್ಕೆ ಹತ್ತುವುದಿಲ್ಲ.

ಪಟ್ಟಿಯಲ್ಲಿ ಇನ್ನೂ ಒಬ್ಬರು ಉಳಿದರು. ಮುಖ್ಯ ದ್ವೀಪದಾಚೆ, ಆಗ್ನೇಯ ಕಡಲಿನಲ್ಲಿ ಲಾನ್‌ಯು ಎಂಬ 45 ಚದರ ಕಿಲೋಮೀಟರಿನ ನಡುಗಡ್ಡೆ ಇದೆ. ಅಲ್ಲಿರುವವರು ಯಾಮಿ ಅಥವಾ ತಾವೊ. ಹಾರುವ ಮೀನಿನ ಕಾಲ ನೋಡಿಕೊಂಡು ವರ್ಷ ಎಣಿಸುವ ಜನ. ಇವರ ಭಾಷೆ ಮಾತ್ರ ತೈವಾನಿನ ಆ ಒಂಬತ್ತು ಕವಲುಗಳಲ್ಲಿ ಯಾವುದಕ್ಕೂ ಸೇರದು. ಅದು ಹೊರಗೆ ಹೋದ ಹತ್ತನೇ ಕವಲಿನದು. ಫಿಲಿಪ್ಪೀನ್ಸಿನ ಉತ್ತರ ತುದಿಯ ಬಟಾನೆಸ್ ದ್ವೀಪಗಳ ಮಾತಿಗೆ ಅದು ಸ್ವಂತ ತಂಗಿ. ಮನೆಬಿಟ್ಟು ಹೋದವರ ಮಕ್ಕಳಲ್ಲಿ ಕೆಲವರು ಮತ್ತೆ ತವರಿನ ಹಿತ್ತಿಲಿಗೇ ಬಂದು ಮನೆ ಕಟ್ಟಿದ ಹಾಗೆ!

ಉಣ್ಣುತ್ತೇನೆ ನಾನು ಅನ್ನ

ಈ ಭಾಷೆಗಳು ಕೇಳಲು ಹೇಗಿರುತ್ತವೆ? ಅಮಿಸ್ ಭಾಷೆಯಲ್ಲಿ 'ನಾನು ಅನ್ನ ಉಣ್ಣುತ್ತೇನೆ' ಅನ್ನಲು 'ಕೊಮಾಎನ್ ಕಾಕೊ ತೊ ಹೆಮಾಯ್' ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ 'ಉಣ್ಣುತ್ತೇನೆ ನಾನು ಅನ್ನವನ್ನು'. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಅಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಮುಂದೆ.

ಇನ್ನೊಂದು ವಿಶೇಷ ಇದೆ. ನಾವು ಪ್ರತ್ಯಯಗಳನ್ನು ಪದದ ಬಾಲಕ್ಕೆ ಅಂಟಿಸುತ್ತೇವೆ: ಮನೆ, ಮನೆಯಲ್ಲಿ, ಮನೆಯಲ್ಲಿಯೇ. ಅವರು ಪದದ ಹೊಟ್ಟೆಯೊಳಗೇ ತೂರಿಸುತ್ತಾರೆ! ತಿನ್ನುವುದಕ್ಕೆ ಮೂಲ ಪದ 'ಕಾಎನ್'. ಮೊದಲ ವ್ಯಂಜನ ಆದಮೇಲೆ ನಡುವೆ 'ಒಮ್' ತೂರಿಸಿದರೆ 'ಕೊಮಾಎನ್'. ಪೈವಾನ್ ಭಾಷೆಯಲ್ಲಿ ಹೀಗೇ 'ಕೆಮನ್'. ಫಿಲಿಪ್ಪೀನ್ಸಿನ ತಗಲಾಗ್‌ನಲ್ಲಿ 'ಕಾಇನ್' ಹೋಗಿ 'ಕುಮಾಇನ್'. ನೋಡಿ, ಕಡಲು ದಾಟಿದರೂ ಅಡುಗೆಮನೆಯ ವ್ಯಾಕರಣ ಬದಲಾಗಲಿಲ್ಲ.

ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಒಂದು ಸಂಗತಿ ಬಹಳ ಹತ್ತಿರ ಅನ್ನಿಸಬಹುದು. ಕನ್ನಡದಲ್ಲಿ 'ನಾವು ಊಟಕ್ಕೆ ಹೋಗ್ತಿದೀವಿ' ಅಂದರೆ ಎದುರಿಗಿದ್ದವರನ್ನೂ ಕರೆದಂತಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಆ ಗೊಂದಲ ಇಲ್ಲ. ನೀವೂ ಸೇರಿದ್ದರೆ 'ನಮ', ನಿಮ್ಮನ್ನು ಬಿಟ್ಟು ಆದರೆ 'ಎಂಕುಲು'. ಅಮಿಸ್ ಜನ ಮಾಡುವುದೂ ಅದನ್ನೇ. ನಿಮ್ಮನ್ನು ಸೇರಿಸಿಕೊಂಡು 'ಕಿತ', ನಿಮ್ಮನ್ನು ಬಿಟ್ಟು 'ಕಮಿ'. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಇವತ್ತಿಗೂ ಇವೇ ಎರಡು ಪದ. ತುಳುವಿಗೂ ಅಮಿಸ್‌ಗೂ ರಕ್ತಸಂಬಂಧ ಇಲ್ಲ ಅನ್ನಿ. ಆದರೆ ಮನುಷ್ಯರು ಎಲ್ಲೇ ಇದ್ದರೂ 'ನಮ್ಮವರು ಯಾರು' ಎಂಬ ಲೆಕ್ಕ ಮಾತಿನಲ್ಲಿ ಇಟ್ಟೇ ಇರುತ್ತಾರೆ.

ಹಾಗಂತ ಈ ಭಾಷೆಗಳೆಲ್ಲ ಒಂದೇ ಅಚ್ಚು ಎಂದುಕೊಳ್ಳಬೇಡಿ. ಮಲೆನಾಡಿನವರಿಗೆ ಗೊತ್ತಾಗುವ ಉದಾಹರಣೆ ಹೇಳುತ್ತೇನೆ. ತೈವಾನಿನಲ್ಲೂ ಅಡಿಕೆ ಜಗಿಯುತ್ತಾರೆ. ಹಸಿ ಅಡಿಕೆಗೆ ವೀಳ್ಯದೆಲೆ, ಸುಣ್ಣ ಸೇರಿಸಿ ಬಾಯಿಗೆ ಹಾಕಿಕೊಳ್ಳುವುದು. ಮದುವೆಗೂ ಪೂಜೆಗೂ ಅಡಿಕೆ ಬೇಕು. ಅದೇ ಅಡಿಕೆಗೆ ಅಮಿಸ್ ಜನ 'ಇತ್ಸೆಪ್' ಎಂದರೆ, ಪೈವಾನ್ ಜನ 'ಸವಿಕಿ' ಎನ್ನುತ್ತಾರೆ, ಅವರಿಬ್ಬರ ನಡುವೆ ಇರುವ ಪುಯುಮ ಜನ 'ಪುರಾನ್' ಎನ್ನುತ್ತಾರೆ. ಐದಕ್ಕೆ ಅಮಿಸ್, ಪೈವಾನ್ ಎರಡರಲ್ಲೂ 'ಲಿಮ'. ಉತ್ತರದ ಬೆಟ್ಟ ಹತ್ತಿ ಅತಾಯಲ್ ಹಳ್ಳಿಗೆ ಹೋದರೆ ಅದು 'ಮಗಲ್'.

ಬಯಲಿನವರು ಮೊದಲು ಕಳೆದುಕೊಂಡರು

ಇಷ್ಟು ಶ್ರೀಮಂತ ಆಸ್ತಿ ಕರಗಿದ್ದು ಹೇಗೆ? ಉತ್ತರ ನಕಾಶೆಯಲ್ಲೇ ಇದೆ. ಈಗ ಉಳಿದಿರುವ ಭಾಷೆಗಳೆಲ್ಲ ಬೆಟ್ಟದಲ್ಲಿ, ಇಲ್ಲವೇ ಪೂರ್ವದ ಕರಾವಳಿಯಲ್ಲಿವೆ. ಪಶ್ಚಿಮದ ಫಲವತ್ತಾದ ಬಯಲು ಖಾಲಿ. ಒಂದು ಕಾಲಕ್ಕೆ ಅಲ್ಲಿ ಸಿರಾಯ, ಬಬೂಜ, ಪಜೆಹ್, ತಾವೊಕಾಸ್, ಉತ್ತರದ ತೈಪೆ ಸುತ್ತ ಕೆತಗಲಾನ್ ಹೀಗೆ ಸಾಲು ಸಾಲು ಸಮುದಾಯಗಳಿದ್ದವು. ಒಳ್ಳೆಯ ಭೂಮಿ ಇದ್ದಲ್ಲಿಗೆ ವಲಸೆಗಾರರು ಮೊದಲು ಬಂದರು. ಬಯಲಿನವರು ಅವರೊಡನೆ ಬೆರೆತರು, ಜಮೀನು ಕಳೆದುಕೊಂಡರು, ಆಮೇಲೆ ಮಾತನ್ನೂ ಕಳೆದುಕೊಂಡರು.

ಕೆಲವರು ಬಚ್ಚಿಟ್ಟುಕೊಂಡು ಉಳಿದರು. 1878ರಲ್ಲಿ ಚೀನಾದ ಚಿಂಗ್ ದೊರೆಗಳ ಸೈನ್ಯದೆದುರು ಸೋತ ಸಕಿಜಾಯ ಜನ ಚದುರಿಹೋಗಿ ನೆರೆಯ ಅಮಿಸ್ ಊರುಗಳಲ್ಲಿ ಸೇರಿಕೊಂಡರು. ಹೊರಗೆ ಅಮಿಸ್, ಒಳಗೆ ಸಕಿಜಾಯ. ಹೀಗೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2007ರಲ್ಲಿ ಸರ್ಕಾರ ಅವರನ್ನು ಬೇರೆ ಸಮುದಾಯ ಎಂದು ಒಪ್ಪಿಕೊಂಡಿತು.

1895ರಿಂದ 1945ರವರೆಗೆ ದ್ವೀಪ ಜಪಾನಿನ ಕೈಯಲ್ಲಿತ್ತು. ಬೆಟ್ಟದ ಊರುಗಳಿಗೂ ಪೊಲೀಸ್ ಠಾಣೆ, ಜಪಾನಿ ಶಾಲೆ ಬಂದವು. ಬೇರೆ ಬೇರೆ ಬೆಟ್ಟದ ಹಿರಿಯರು ಭೇಟಿಯಾದರೆ ಮಾತಾಡಲು ಜಪಾನಿಯೇ ನಡುವಿನ ಭಾಷೆ ಆಯಿತು. ಯೀಲಾನ್ ಕಡೆಯ ಕೆಲವು ಹಳ್ಳಿಗಳಲ್ಲಂತೂ ಅತಾಯಲ್ ಮತ್ತು ಜಪಾನಿ ಬೆರೆತು ಹೊಸದೇ ಒಂದು ಭಾಷೆ ಹುಟ್ಟಿ, ಇಂದಿಗೂ ಬಳಕೆಯಲ್ಲಿದೆ. ಒಂದು ಮಾತನ್ನು ಮಾತ್ರ ಹೇಳಲೇಬೇಕು: ಅದೇ ಕಾಲದಲ್ಲಿ ಒಗಾವ, ಅಸಾಯ್ ಎಂಬ ಇಬ್ಬರು ಜಪಾನಿ ವಿದ್ವಾಂಸರು ಈ ನುಡಿಗಳ ಕಥೆಗಳನ್ನು ಕೇಳಿ ಬರೆದುಕೊಂಡು 1935ರಲ್ಲಿ ದೊಡ್ಡ ಗ್ರಂಥವಾಗಿ ಅಚ್ಚು ಹಾಕಿಸಿದರು. ಇವತ್ತಿಗೂ ಅದು ಸಂಶೋಧಕರಿಗೆ ಆಧಾರ.

ಕೊರಳಿಗೆ ಹಲಗೆ

ಆಮೇಲೆ ಬಂದ ಚೀನೀ ರಾಷ್ಟ್ರೀಯವಾದಿ ಸರ್ಕಾರ ಮ್ಯಾಂಡರಿನ್ ಒಂದನ್ನೇ ರಾಷ್ಟ್ರಭಾಷೆ ಮಾಡಿತು. 1949ರಿಂದ 1987ರವರೆಗೆ ಮಿಲಿಟರಿ ಕಾನೂನು. ಶಾಲೆಯಲ್ಲಿ ಮನೆಮಾತು ಬಾಯಿಗೆ ಬಂದರೆ ಮಕ್ಕಳಿಗೆ ಏಟು, ದಂಡ, ಕೊರಳಿಗೆ ಹಲಗೆ. ಇದನ್ನು ಓದುವಾಗ ನಮಗೂ ಏನೋ ನೆನಪಾಗುತ್ತದೆ ಅಲ್ಲವೇ? ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವರು ನಮ್ಮ ನಡುವೆಯೂ ಇದ್ದಾರೆ.

ಹಾಗೆ ಶಿಕ್ಷೆ ತಿಂದ ಮಕ್ಕಳು ದೊಡ್ಡವರಾಗಿ ಅಪ್ಪ ಅಮ್ಮಂದಿರಾದರು. ತಮ್ಮ ಮಕ್ಕಳಿಗೆ ಆ ಅವಮಾನ ಬೇಡ ಅಂತ ಮನೆಯಲ್ಲೂ ಮ್ಯಾಂಡರಿನ್ ಮಾತಾಡಿದರು. ತಪ್ಪು ಅವರದ್ದು ಅನ್ನಲಾದೀತೇ? ಮಕ್ಕಳ ಒಳ್ಳೆಯದಕ್ಕೇ ಮಾಡಿದ್ದು. ಕೆಲಸ ಹುಡುಕಿ ಜನ ನಗರ ಸೇರಿದರು. ಈಗ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಮಂದಿ ನಗರಗಳಲ್ಲೇ ಇದ್ದಾರೆ. ಎಷ್ಟೋ ಊರುಗಳಲ್ಲಿ ಹಳೆಯ ಮಾತು ಜೋರಾಗಿ ಕೇಳುತ್ತಿದ್ದ ಜಾಗ ಅಂದರೆ ಚರ್ಚಿನ ಪ್ರಾರ್ಥನೆ ಮತ್ತು ಸುಗ್ಗಿಯ ಹಬ್ಬ.

ಹೆಸರುಗಳ ಗತಿಯೂ ಅಷ್ಟೇ. ಆ ಪೀಳಿಗೆಯ ಎಷ್ಟೋ ಹಿರಿಯರಿಗೆ ಮೂರು ಮೂರು ಹೆಸರು: ಮನೆಯವರು ಇಟ್ಟಿದ್ದು, ಜಪಾನೀಯರು ಇಟ್ಟಿದ್ದು, ಆಮೇಲೆ ಚೀನೀ ದಾಖಲೆಗಾಗಿ ಇಟ್ಟಿದ್ದು. ಸ್ವಂತ ಹೆಸರನ್ನು ಸರ್ಕಾರಿ ದಾಖಲೆಯಲ್ಲಿ ಬರೆಸಲು ಅವಕಾಶ ಸಿಕ್ಕಿದ್ದು 1995ರಲ್ಲಿ. ಚೀನೀ ಲಿಪಿಯ ಹಂಗಿಲ್ಲದೆ ರೋಮನ್ ಅಕ್ಷರಗಳಲ್ಲಷ್ಟೇ ಬರೆಸಬಹುದು ಎಂದಾಗಲು 2024ರವರೆಗೆ ಕಾಯಬೇಕಾಯಿತು.

ಹೆಸರು ಕಾಣದೆ ಹೋದ ಇನ್ನೊಂದು ಪ್ರಸಂಗ ನಿಮ್ಮಲ್ಲಿ ಕೆಲವರು ಕಿವಿಯಾರೆ ಕೇಳಿರಬಹುದು. 1994ರ ಸುಮಾರಿಗೆ ಎನಿಗ್ಮಾ ಎಂಬ ಸಂಗೀತ ತಂಡದ 'ರಿಟರ್ನ್ ಟು ಇನೊಸೆನ್ಸ್' ಎಂಬ ಹಾಡು ಜಗತ್ತಿನಾದ್ಯಂತ ಮೊಳಗಿತು. ಅದರಲ್ಲಿ ಆಳದಿಂದ ಎದ್ದು ಬರುವ ಮುದುಕನ ದನಿ ಇದೆಯಲ್ಲ, ಅದು ದಿಫಾಂಗ್ ಎಂಬ ಅಮಿಸ್ ರೈತನದು. ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರಕ್ಕೂ ಹಾಡು ಬಳಕೆಯಾಯಿತು. ಹಾಡಿದವರಿಗೆ ಹೇಳಿರಲೂ ಇಲ್ಲ, ಹೆಸರೂ ಹಾಕಿರಲಿಲ್ಲ. ಅವರು ಕೋರ್ಟಿಗೆ ಹೋದ ಮೇಲೆ 1999ರಲ್ಲಿ ರಾಜಿಯಾಯಿತು. ಕೋಟ್ಯಂತರ ಜನ ಅಮಿಸ್ ಭಾಷೆ ಕೇಳಿದ್ದರು, ಅದು ಅಮಿಸ್ ಎಂದು ಗೊತ್ತಿಲ್ಲದೆಯೇ.

ಕೊನೆಯ ಪಜೆಹ್ ಅಜ್ಜಿ

ಈಗ ಮೊದಲಿನ ಏಳಕ್ಕೆ ಬರೋಣ. ತೈವಾನಿನ ನಡುಭಾಗದ ಪುಲಿ ಎಂಬ ಪಟ್ಟಣದಲ್ಲಿ ಪಾನ್ ಜಿನ್-ಯು ಎಂಬ ಅಜ್ಜಿ ಇದ್ದರು. ಬಯಲುನಾಡಿನ ಪಜೆಹ್ ಭಾಷೆಯನ್ನು ಮನೆಮಾತಾಗಿ ಆಡಬಲ್ಲ ಕೊನೆಯವರು ಅವರು. ತೊಂಬತ್ತು ದಾಟಿದ ಮೇಲೂ ಆಸಕ್ತರಿಗೆ ಪಾಠ ಹೇಳುತ್ತಿದ್ದರು. ತೈವಾನಿನ ಲಿ ಜೆನ್-ಕುಯಿ ಮತ್ತು ಜಪಾನಿನ ತ್ಸುಚಿದ ಎಂಬ ವಿದ್ವಾಂಸರು ಅವರಂಥವರ ಎದುರು ಕೂತು ಪದ ಪದ ಕೇಳಿ 2001ರಲ್ಲಿ ಪಜೆಹ್ ನಿಘಂಟು ತಂದರು. 2010ರ ಅಕ್ಟೋಬರಿನಲ್ಲಿ ಅಜ್ಜಿ ತೀರಿಕೊಂಡರು. 96 ವರ್ಷ ಆಗಿತ್ತು. ಅದೇ ನುಡಿಯ ಒಡಹುಟ್ಟು ಕಹಬುವನ್ನು ಬಲ್ಲ ಕೆಲವೇ ಹಿರಿಯರು ಉಳಿದರು.

ಆ ನಿಘಂಟಿನಲ್ಲಿ ಎಣಿಕೆ ಹೀಗಿದೆ. ಐದು 'ಹಾಸೆಪ್', ಎರಡು 'ದುಸಾ'. ಏಳು ಎನ್ನಲು ಬೇರೆ ಪದ ಇಲ್ಲ, 'ಹಾಸೆಬಿದುಸಾ', ಅಂದರೆ ಐದು ಮತ್ತು ಎರಡು! ಹಾಗೆಯೇ ಎಂಟು 'ಹಾಸೆಬಿತುರು', ಐದು ಮತ್ತು ಮೂರು. ಒಂದು ಕೈಯ ಬೆರಳು ಮುಗಿದ ಮೇಲೆ ಇನ್ನೊಂದು ಕೈಗೆ ಹೋದ ಹಾಗೆ.

ಫ್ರಾನ್ಸಿನ ಭಾಷಾ ವಿಜ್ಞಾನಿ ಲೊರಾಂ ಸಗಾರ್ 2004ರಲ್ಲಿ ಒಂದು ವಾದ ಮಂಡಿಸಿದರು. ಬಹಳ ಹಿಂದೆ ತೈವಾನಿನಲ್ಲಿ ಏಳನ್ನು ಹೀಗೆ ಉದ್ದಕ್ಕೆ 'ಐದು ಮತ್ತು ಎರಡು' ಎನ್ನುತ್ತಿದ್ದರು. ಆ ಉದ್ದ ಪದ ಬಾಯಲ್ಲಿ ಸವೆದು ಸವೆದು, ನಡುವಿನ ತುಂಡು ಮಾತ್ರ ಉಳಿದು 'ಪಿತು' ಆಯಿತು. ಆ ಸವೆದ ತುಂಡೇ ದೋಣಿಯಲ್ಲಿ ಕೂತು ಫಿಲಿಪ್ಪೀನ್ಸ್, ಹವಾಯಿ, ನ್ಯೂಜಿಲೆಂಡ್, ಮಡಗಾಸ್ಕರ್ ಸೇರಿತು. ನಮ್ಮ 'ಒಂಬತ್ತು' ಪದದೊಳಗೆ 'ಒಂದು' ಮತ್ತು 'ಹತ್ತು' ಅಡಗಿ ಕೂತಿಲ್ಲವೇ, ಹತ್ತಕ್ಕೆ ಒಂದು ಕಡಿಮೆ ಅಂತ? ಹಾಗೆಯೇ ಇದು. ಸಗಾರ್ ಮಾತನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ವಾದ ಸರಿಯೋ ತಪ್ಪೋ ಎಂದು ಚರ್ಚಿಸಲಾದರೂ ಆ 'ಹಾಸೆಬಿದುಸಾ' ಬೇಕಿತ್ತು. ಅದನ್ನು ಉಳಿಸಿಕೊಟ್ಟದ್ದು ಕೆಲವೇ ಅಜ್ಜ ಅಜ್ಜಿಯರು, ಕೇಳಿ ಬರೆದುಕೊಂಡ ಕೆಲವೇ ಜನ.

ಇದೇ ಕಾರಣಕ್ಕೆ ಸನ್ ಮೂನ್ ಲೇಕಿನ ಥಾವ್ ಭಾಷೆಯ ಬಗ್ಗೆ ಎಲ್ಲರಿಗೂ ಆತಂಕ. 1934ರಲ್ಲಿ ಜಪಾನಿನ ವಿದ್ಯುತ್ ಯೋಜನೆಗಾಗಿ ಸರೋವರದ ನೀರು ಏರಿಸಿದಾಗ ಅವರ ಪವಿತ್ರ ದ್ವೀಪ ಬಹುಪಾಲು ಮುಳುಗಿತು, ಊರು ಎತ್ತಂಗಡಿಯಾಯಿತು. ಸಮುದಾಯದಲ್ಲಿರುವುದೇ ಸಾವಿರದೊಳಗಿನ ಜನ. ಭಾಷೆ ಚೆನ್ನಾಗಿ ಬಲ್ಲವರು ಬೆರಳೆಣಿಕೆ. ಬ್ಲಸ್ಟ್ ಅವರು ಈ ಪುಟ್ಟ ಭಾಷೆಗೆ ಸಾವಿರ ಪುಟ ಮೀರಿದ ನಿಘಂಟು ಬರೆದು 2003ರಲ್ಲಿ ಪ್ರಕಟಿಸಿದರು. ಅವರ ವಿಂಗಡಣೆ ಪ್ರಕಾರ ಪಶ್ಚಿಮ ಬಯಲಿನ ಇಡೀ ಕವಲಿನಲ್ಲಿ ಜೀವಂತ ಉಳಿದದ್ದು ಥಾವ್ ಒಂದೇ. ಅದು ಹೋದರೆ ಒಂಬತ್ತು ಬೇರುಗಳಲ್ಲಿ ಒಂದು ಪೂರ್ತಿ ಹೋದಂತೆ.

ಬೆಟ್ಟದವರಿಗೂ ನೆಮ್ಮದಿ ಇಲ್ಲ. 2009ರ ಆಗಸ್ಟಿನಲ್ಲಿ ಬಂದ ಮೊರಾಕೋಟ್ ಚಂಡಮಾರುತದ ಮಳೆಗೆ ಶಾವ್‌ಲಿನ್ ಎಂಬ ಹಳ್ಳಿಯ ಮೇಲೆ ಗುಡ್ಡವೇ ಕುಸಿದು ನಾನೂರಕ್ಕೂ ಹೆಚ್ಚು ಜನ ಸತ್ತರು. ಕನಕನವು, ಹ್ಲಾಅಲುವಾ, ರುಕಾಯ್, ಪೈವಾನ್ ಊರುಗಳಿಗೂ ಪೆಟ್ಟು ಬಿತ್ತು. ಕೆಲವು ಊರುಗಳನ್ನೇ ಬಿಟ್ಟು ಬಯಲಿಗೆ ಇಳಿಯಬೇಕಾಯಿತು. ಊರು ಚದುರಿದರೆ ಅಕ್ಕಪಕ್ಕದ ಮಾತೂ ಚದುರುತ್ತದೆ.

ಹಳೆಯ ಪುಸ್ತಕದಿಂದ ಎದ್ದ ನುಡಿ

ಎಲ್ಲವೂ ದುಃಖದ ಕಥೆಯಲ್ಲ. 1624ರಿಂದ 1662ರವರೆಗೆ ದ್ವೀಪದ ನೈಋತ್ಯ ಭಾಗ, ಈಗಿನ ತೈನಾನ್ ಸುತ್ತಮುತ್ತ, ಡಚ್ಚರ ಹಿಡಿತದಲ್ಲಿತ್ತು. ಅವರ ಪಾದ್ರಿಗಳು ಅಲ್ಲಿನ ಸಿರಾಯ ಭಾಷೆ ಕಲಿತು ರೋಮನ್ ಲಿಪಿಯಲ್ಲಿ ಬರೆದರು. ಡೇನಿಯಲ್ ಗ್ರಾವಿಯಸ್ ಎಂಬ ಪಾದ್ರಿ ಮತ್ತಾಯನ ಸುವಾರ್ತೆಯನ್ನು ಸಿರಾಯಕ್ಕೆ ಅನುವಾದಿಸಿ, ಪಕ್ಕದಲ್ಲೇ ಡಚ್ ಪಠ್ಯ ಇಟ್ಟು 1661ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಮಾಡಿಸಿದರು. ಮರುವರ್ಷವೇ ಡಚ್ಚರು ದ್ವೀಪ ಬಿಟ್ಟು ಓಡಬೇಕಾಯಿತು. ಅವರು ಹೋದರೂ ಲಿಪಿ ಹೋಗಲಿಲ್ಲ. ಮುಂದೆ ನೂರೈವತ್ತು ವರ್ಷ ಸಿರಾಯ ಜನ ಜಮೀನಿನ ಕ್ರಯಪತ್ರ, ಸಾಲಪತ್ರಗಳನ್ನು ಅದರಲ್ಲೇ ಬರೆದುಕೊಂಡರು, ಎಷ್ಟೋ ಸಲ ಪಕ್ಕದಲ್ಲಿ ಚೀನೀ ಬರಹವನ್ನೂ ಇಟ್ಟು. ಹತ್ತೊಂಬತ್ತನೇ ಶತಮಾನದಲ್ಲಿ ಭಾಷೆ ನಾಲಿಗೆಯಿಂದ ಮರೆಯಾಯಿತು.

ಈಗ ನೋಡಿ ಕಥೆಯ ತಿರುವು. ಫಿಲಿಪ್ಪೀನ್ಸಿನ ಸಂಗೀತಗಾರ ಎಡ್ಗರ್ ಮಕಪಿಲಿ ಸಿರಾಯ ಮನೆತನದ ಉಮಾ ತಲವಾನ್ ಅವರನ್ನು ಮದುವೆಯಾಗಿ ತೈನಾನ್‌ಗೆ ಬಂದರು. ಹೆಂಡತಿಯ ಪೂರ್ವಜರ ಭಾಷೆ ಹೇಗಿತ್ತು ಎಂಬ ಕುತೂಹಲಕ್ಕೆ ಗ್ರಾವಿಯಸ್‌ನ ಸುವಾರ್ತೆ ಬಿಡಿಸಿದರೆ, ಅಲ್ಲಿರುವ ಎಷ್ಟೋ ಪದಗಳು ಅವರಿಗೆ ಪರಿಚಿತ! ಅವರ ಸ್ವಂತ ಬಿಸಾಯ ಭಾಷೆಗೆ ಅವು ಹತ್ತಿರ ಇದ್ದವು. ಸಾವಿರಾರು ವರ್ಷಗಳ ಹಿಂದೆ ಮನೆಬಿಟ್ಟು ಹೋದ ಕವಲಿನ ಅಳಿಯ ಬಂದು, ಮರೆತುಹೋಗಿದ್ದ ತವರುಮಾತನ್ನು ಓದಿಕೊಟ್ಟ ಹಾಗಾಯಿತು. ವರ್ಷಗಟ್ಟಲೆ ಕೂತು ಪದಕೋಶ ಕಟ್ಟಿ 2008ರಲ್ಲಿ ಪ್ರಕಟಿಸಿದರು. ದಂಪತಿ ಮತ್ತು ಅವರ ಬಳಗ ಮಕ್ಕಳಿಗೆ ಹಾಡು ಕಟ್ಟಿದರು, ಪಾಠ ಶುರು ಮಾಡಿದರು.

ಕಾನೂನಿನ ಹೋರಾಟವೂ ನಡೆಯಿತು. ಬಯಲಿನವರೆಂಬ ಕಾರಣಕ್ಕೆ ಸಿರಾಯರಿಗೆ ಮೂಲನಿವಾಸಿಗಳ ಮಾನ್ಯತೆ ಇರಲಿಲ್ಲ. 2022ರ ಅಕ್ಟೋಬರ್ 28ರಂದು ತೈವಾನಿನ ಸಾಂವಿಧಾನಿಕ ನ್ಯಾಯಾಲಯ, ಇವರನ್ನು ಹೊರಗಿಟ್ಟ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

ವಾರಕ್ಕೊಂದು ಪೀರಿಯಡ್ ಸಾಲದು

ಸರ್ಕಾರವೂ ಈಗ ದಾರಿ ಬದಲಿಸಿದೆ. 2001ರಿಂದ ಪ್ರಾಥಮಿಕ ಶಾಲೆಯಲ್ಲಿ ಮನೆಮಾತಿಗೆ ಒಂದು ಪೀರಿಯಡ್. 2005ರಲ್ಲಿ ಎಲ್ಲ ಸಮುದಾಯಗಳ ಭಾಷೆಗೂ ರೋಮನ್ ಬರವಣಿಗೆಯ ನಿಯಮ, ಅದೇ ವರ್ಷ ಮೂಲನಿವಾಸಿಗಳದ್ದೇ ಟಿವಿ ವಾಹಿನಿ. 2016ರ ಆಗಸ್ಟ್ 1ರಂದು ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ನಾಲ್ಕು ನೂರು ವರ್ಷಗಳ ಅನ್ಯಾಯಕ್ಕಾಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅವರ ಅಜ್ಜಿಯೊಬ್ಬರು ಪೈವಾನ್ ಮೂಲದವರು. 2017ರಲ್ಲಿ ಬಂದ ಕಾಯ್ದೆ ಈ ಭಾಷೆಗಳನ್ನು ರಾಷ್ಟ್ರಭಾಷೆಗಳೆಂದು ಕರೆಯಿತು. ಭಾಷಾ ಪರೀಕ್ಷೆ ಪಾಸಾದ ವಿದ್ಯಾರ್ಥಿಗೆ ಮುಂದಿನ ಓದಿನ ಪ್ರವೇಶದಲ್ಲಿ ಹೆಚ್ಚುವರಿ ಅನುಕೂಲವೂ ಇದೆ. ಈ ಪರೀಕ್ಷೆಗೆ 16 ಭಾಷೆಗಳ ಒಳಗೆ 42 ಉಪಭಾಷೆಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರೆ.

ಇಷ್ಟಾದರೂ ವಾರಕ್ಕೊಂದು ಪೀರಿಯಡ್ಡಿನಲ್ಲಿ ಕಲಿತ ಮಗು ನಮಸ್ಕಾರ ಹೇಳುತ್ತದೆ, ಹತ್ತರವರೆಗೆ ಎಣಿಸುತ್ತದೆ, ಮನೆಗೆ ಬಂದು ಅಮ್ಮನ ಜೊತೆ ಮ್ಯಾಂಡರಿನ್‌ನಲ್ಲಿ ಹಟ ಮಾಡುತ್ತದೆ. ಹಟ, ಜಗಳ, ಮುದ್ದು ಇವೆಲ್ಲ ಯಾವ ಭಾಷೆಯಲ್ಲಿ ನಡೆಯುತ್ತವೋ ಅದೇ ಉಳಿಯುವ ಭಾಷೆ. ಇದಕ್ಕೆ ಅವರು ಹಿಡಿದ ಒಂದು ದಾರಿ ನ್ಯೂಜಿಲೆಂಡಿನಿಂದ ಬಂತು. ಅಲ್ಲಿನ ಮಾವೊರಿಗಳು 1982ರಲ್ಲಿ 'ಭಾಷಾ ಗೂಡು' ಎಂಬ ಪುಟಾಣಿ ಶಾಲೆ ಶುರು ಮಾಡಿದ್ದರು. ಅಜ್ಜ ಅಜ್ಜಿಯರು ಬಂದು ಕೂರುತ್ತಾರೆ, ಮಕ್ಕಳೊಂದಿಗೆ ಇಡೀ ದಿನ ಸ್ವಂತ ಭಾಷೆಯಲ್ಲೇ ಮಾತು, ಆಟ, ಊಟ. ತೈವಾನಿನ ಹಳ್ಳಿಗಳಲ್ಲೂ ಈಗ ಅಂಥ ಶಿಶುವಿಹಾರಗಳಿವೆ. ತವರಿನಿಂದ ಅತಿ ದೂರ ಹೋದವರೇ ತವರಿಗೆ ದಾರಿ ತೋರಿಸಿದರು ಎನ್ನಬೇಕು.

ಇಡೀ ಲೇಖನ ಬರೆಯುವಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಆ ಪಜೆಹ್ ಅಜ್ಜಿ. ಕೇಳುವವರು ಬಂದಾಗ ಅವರಿಗೆ ಆಗಲೇ ಎಂಬತ್ತು ಮೀರಿತ್ತು. ಇನ್ನೊಂದು ಇಪ್ಪತ್ತು ವರ್ಷ ತಡವಾಗಿದ್ದರೆ ಏಳರೊಳಗೆ ಐದು ಮತ್ತು ಎರಡು ಇತ್ತೆಂದು ಹೇಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದ ಪದ ಒಂದಾದರೂ ಇರುತ್ತದೆ. ಒಂದು ಪಾತ್ರೆಯ ಹೆಸರೋ, ಸೊಪ್ಪಿನ ಹೆಸರೋ, ಬೈಗುಳವೋ. ಈ ವಾರ ಅವರ ಪಕ್ಕ ಕೂತು ಅದರ ಅರ್ಥ ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ಮನಸ್ಸಾದರೆ ಓದುಗರ ಅಂಕಣಕ್ಕೂ ಬರೆಯಿರಿ. ಅಜ್ಜಿಯ ಊರಿನ ಹೆಸರು ಸೇರಿಸಲು ಮರೆಯಬೇಡಿ.